ಇಲಿಯ ಮೂಗು ಎಲ್ಲಿ ಮುಗಿಯುತ್ತದೆ

ನನಗೂ ನನ್ನ ಸೊಸೆಗೂ ಜಗಳ ಆದದ್ದು ಒಂದೇ ಸಲ, ಅದೂ ಇಲಿಯ ಮೂಗಿನ ವಿಷಯಕ್ಕೆ. ಹೀಗೆಂದರೆ ಜನ ನಗುತ್ತಾರೆ. ನಗಲಿ ಬಿಡಿ. ಬೇರೆ ಮನೆಗಳಲ್ಲಿ ಉಪ್ಪು ಹೆಚ್ಚಾಯಿತು, ಬಾಗಿಲು ದಡಾರನೆ ಹಾಕಿದಳು ಎಂದು ಜಗಳವಾಡುತ್ತಾರಂತೆ. ನಮಗೆ ಅಂಥ ಚಿಲ್ಲರೆ ಕಾರಣಗಳಿಗೆ ಪುರುಸೊತ್ತಿಲ್ಲ.

ನಾನು ವಸ್ತುಸಂಗ್ರಹಾಲಯದ ಮೂಳೆ ವಿಭಾಗದವಳು. ಮೇಲಿನ ಮಹಡಿಯಲ್ಲಿ ಲಿಫ್ಟಿನ ಪಕ್ಕದ ಉದ್ದನೆಯ ಕೋಣೆ ನನ್ನದು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಟ್ರೇ, ಟ್ರೇ ತುಂಬ ಪುಟ್ಟ ಡಬ್ಬಿಗಳು, ಪ್ರತಿ ಡಬ್ಬಿಯಲ್ಲೂ ಹತ್ತಿಯ ಮೇಲೆ ಮಲಗಿದ ಒಂದು ತಲೆಬುರುಡೆ. ಹೆಚ್ಚಿನವು ಇಲಿಗಳವು. ಜನರಿಗೆ ಇಲಿ ಎಂದರೆ ಇಲಿ, ಅಷ್ಟೇ. ನನಗೆ ಹಾಗಲ್ಲ. ಹತ್ತಿರದ ಸಂಬಂಧಿಗಳಾದ ಎರಡು ಇಲಿಗಳ ಬುರುಡೆಯನ್ನು ಅಕ್ಕಪಕ್ಕ ಇಟ್ಟು ಎಲ್ಲಿ ಉದ್ದ, ಎಲ್ಲಿ ಅಗಲ, ಎಲ್ಲಿ ಉಬ್ಬು ಎಂದು ಅಳೆಯುವುದೇ ನನ್ನ ಹೊಟ್ಟೆಪಾಡು. ಹುಚ್ಚು ಎಂದರೂ ನಡೆಯುತ್ತದೆ.

ಸೊಸೆ ಮೊದಲು ನನ್ನ ವಿದ್ಯಾರ್ಥಿನಿ. ಮಗ ಹಲ್ಲಿನ ಡಾಕ್ಟರು. ಒಂದು ಸಂಜೆ, ನಾನು ಮನೆಯಲ್ಲಿ ಮರೆತು ಬಂದಿದ್ದ ಕನ್ನಡಕ ಕೊಡಲು ಬಂದ. ಅವಳು ಒಂದು ಇಲಿಯ ಬಾಚಿಹಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. “ಈ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ” ಎಂದಳು. “ಸದ್ಯ, ಮನುಷ್ಯರಿಗೆ ಹಂಗಿಲ್ಲ. ಇದ್ದಿದ್ರೆ ನನ್ನ ಕ್ಲಿನಿಕ್ಕಿಗೆ ಬೀಗ ಹಾಕಬೇಕಿತ್ತು” ಎಂದ ಅವನು. ಆಮೇಲೆ ನನ್ನ ಕನ್ನಡಕ ದಿನಾ ಮನೆಯಲ್ಲೇ ಉಳಿಯತೊಡಗಿತು. ನನಗೇ ಅರುಳು ಮರುಳು ಶುರುವಾಯಿತೇನೋ ಎಂದು ಹೆದರಿದ್ದೆ. ಬಚ್ಚಿಡುತ್ತಿದ್ದವನು ಅವನೇ ಎಂದು ಮದುವೆ ಗೊತ್ತಾದ ಮೇಲೆ ತಿಳಿಯಿತು.

ಮದುವೆಯಾದ ಮೇಲೆ ನಾನೊಂದು ನಿಯಮ ಮಾಡಿದೆ: ಮನೆಯಲ್ಲಿ ಅತ್ತೆ, ಮೂಳೆಕೋಣೆಯಲ್ಲಿ ಮೇಡಂ. ಅವಳು ಅದನ್ನು ಎಷ್ಟು ಚೆನ್ನಾಗಿ ಪಾಲಿಸಿದಳೆಂದರೆ ಮನೆಯಲ್ಲೂ ವಿದ್ಯಾರ್ಥಿನಿಯಾಗಿಯೇ ಉಳಿದಳು. ನನ್ನ ಚಪ್ಪಲಿಯ ಸದ್ದು ಬಾಗಿಲಿಗೆ ಬಂದರೆ ಸಾಕು, ಅವಳ ಕಿವಿ ನೆಟ್ಟಗಾಗುತ್ತಿತ್ತು. ಸೋಫಾದ ಮೇಲಿದ್ದ ಕಾಲು ಕೆಳಗಿಳಿಯುತ್ತಿತ್ತು, ಟಿವಿ ಮೆತ್ತಗಾಗುತ್ತಿತ್ತು, ಎಲ್ಲಿಂದಲೋ ಒಂದು ಪುಸ್ತಕ ಕೈಗೆ ಬರುತ್ತಿತ್ತು. ನಾನೇನು ಮನುಷ್ಯರನ್ನು ನುಂಗುತ್ತೇನೆಯೇ? ಗಂಡನ ಹತ್ತಿರ ಗೊಣಗಿದೆ. ಅವರು ಗಡಿಯಾರ ರಿಪೇರಿಯವರು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ, “ನೀನು ನಡೆಯೋದೇ ಅಲಾರಂ ಹೊಡೆದ ಹಂಗೆ ಕಣೆ. ಪಾಪ, ಹುಡುಗಿ ಎದ್ದು ಕೂರ್ತಾಳೆ” ಎಂದರು. ಅವರ ಹತ್ತಿರ ದೂರು ಹೇಳಿದ್ದೇ ನನ್ನ ತಪ್ಪು.

ಈಗ ಇಲಿಯ ವಿಷಯ. ನಮ್ಮ ತೀರದಾಚೆ ಎರಡು ದ್ವೀಪಗಳಿವೆ, ಒಂದು ದೊಡ್ಡದು, ಒಂದು ಸಣ್ಣದು. ಎರಡರಲ್ಲೂ ಕಂದು ಬಣ್ಣದ ಇಲಿಗಳು, ನೋಡುವುದಕ್ಕೆ ಒಂದೇ ಅಚ್ಚು. ಎರಡೂ ಒಂದೇ ಪ್ರಭೇದ ಎಂದು ನನ್ನ ಗುರುಗಳು ಬರೆದು ಹೋಗಿದ್ದರು. ಅಲ್ಲ, ಸಣ್ಣ ದ್ವೀಪದ್ದೇ ಬೇರೆ ಎಂಬುದು ಸೊಸೆಯ ವಾದ. ಅವಳ ಪಿಎಚ್‌ಡಿ ಪೂರ್ತಿ ನಿಂತದ್ದು ಆ ಒಂದು ಮಾತಿನ ಮೇಲೆ. ಸಣ್ಣ ದ್ವೀಪದ ಇಲಿಯ ಬುರುಡೆ ತುಸು ದೊಡ್ಡದು, ಅದು ನಿಜ. ಆದರೆ ಬರೀ ಗಾತ್ರದಿಂದ ಏನೂ ಸಾಬೀತಾಗುವುದಿಲ್ಲ. ಊಟ ಚೆನ್ನಾಗಿದ್ದರೆ ನನ್ನ ಗಂಡನೂ ದೊಡ್ಡವರಾಗುತ್ತಾರೆ, ಹಾಗೆಂದು ಬೇರೆ ಪ್ರಭೇದ ಆಗಿಬಿಡುತ್ತಾರೆಯೇ? ಆಕಾರ ಬದಲಾಗಿರಬೇಕು. ಸಣ್ಣ ದ್ವೀಪದ ಇಲಿಯ ಮೂಗಿನ ಎಲುಬು ಉದ್ದ ಎಂದು ಸೊಸೆಗೆ ಮೊದಲಿನಿಂದಲೂ ಅನುಮಾನ.

ನಾನು ಆ ವರ್ಷದ ಕೊನೆಗೆ ನಿವೃತ್ತಳಾಗುವವಳು. ಅಷ್ಟರೊಳಗೆ ಅವಳ ಪಿಎಚ್‌ಡಿ ಮುಗಿದರೆ ನನ್ನ ಕುರ್ಚಿ ಅವಳಿಗೆ. ಮುಗಿಯದಿದ್ದರೆ ಕೋಣೆಗೆ ಬೀಗ, ಬುರುಡೆಗಳೆಲ್ಲ ನೆಲಮಾಳಿಗೆಗೆ ಎಂದು ನಿರ್ದೇಶಕರು ಖಡಾಖಂಡಿತವಾಗಿ ಹೇಳಿದ್ದರು. ಆ ಕುರ್ಚಿಯಲ್ಲಿ ನನಗೆ ಅವಳನ್ನು ನೋಡಬೇಕಿತ್ತು. ಎಷ್ಟು ಆಸೆಯಿತ್ತೆಂದರೆ ಕೆಲವೊಮ್ಮೆ ಬಸ್ಸಿನಲ್ಲಿ ಕೂತು ಅದನ್ನೇ ನೆನೆಸಿಕೊಂಡು ಇಳಿಯುವ ನಿಲ್ದಾಣ ತಪ್ಪಿಸಿಕೊಳ್ಳುತ್ತಿದ್ದೆ. ಅವಳ ಮುಂದೆ ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಹೊರಗಿನಿಂದ ಬರುವ ಪರೀಕ್ಷಕರಿಗೆ ನಮ್ಮ ವಲಯದಲ್ಲಿ ಸೂಜಿ ಎಂದು ಹೆಸರು. ಚುಚ್ಚುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರು ಬರುವ ದಿನ ಹತ್ತಿರವಾಯಿತೆಂದು ನಾವಿಬ್ಬರೂ ಗಡಿಬಿಡಿಯಲ್ಲಿ ಎಲ್ಲ ಬುರುಡೆಗಳನ್ನೂ ಅಳೆದು ಮುಗಿಸಲು ಕೂತೆವು. “ಸಣ್ಣ ದ್ವೀಪದ್ದು ನೀನು ತಂದಿದ್ದು, ನೀನೇ ಅಳೆ. ದೊಡ್ಡ ದ್ವೀಪದ್ದು ನನ್ನ ಕಾಲದ್ದು, ನಾನು ಅಳೀತೀನಿ” ಎಂದೆ. ಎಷ್ಟು ಸಲೀಸಾದ ಹಂಚಿಕೆ ನೋಡಿ. ಕೆಲಸ ಅರ್ಧಕ್ಕರ್ಧ ಹಗುರಾಯಿತು.

ಅಳತೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದಾಗ ಪರದೆಯ ಮೇಲೆ ಚುಕ್ಕಿಗಳು ಎರಡು ಗುಂಪಾಗಿ ನಿಂತವು. ಸಣ್ಣ ದ್ವೀಪದವು ಒಂದು ಕಡೆ, ದೊಡ್ಡ ದ್ವೀಪದವು ಇನ್ನೊಂದು ಕಡೆ, ನಡುವೆ ಗಾಡಿ ಹೋಗುವಷ್ಟು ಜಾಗ. ಸಣ್ಣ ದ್ವೀಪದ ಇಲಿಗೆ ಉದ್ದ ಮೂಗು, ಸಂಶಯವೇ ಇಲ್ಲ. ಸೊಸೆ ಅಂದೇ ಸಾರಾಂಶ ಬರೆದು ಸೂಜಿಗೆ ಕಳಿಸಿದಳು. ಗಂಡ ಕೇಕ್ ತಂದರು. ಹಲ್ಲಿನ ಡಾಕ್ಟರು ಎಲ್ಲರಿಗೂ ಸಿಹಿಯ ದುಷ್ಪರಿಣಾಮ ವಿವರಿಸಿ ಎರಡು ತುಂಡು ತಿಂದ.

ಮಾರನೆಯ ವಾರ ಕಪಾಟು ಜೋಡಿಸುವಾಗ ಒಂದು ಡಬ್ಬಿ ತಪ್ಪು ಟ್ರೇಯಲ್ಲಿ ಸಿಕ್ಕಿತು. ಸಣ್ಣ ದ್ವೀಪದ್ದು ನನ್ನ ಟ್ರೇಗೆ ಬಂದು ಕೂತಿತ್ತು, ನಾನೂ ಅದನ್ನು ಅಳೆದುಬಿಟ್ಟಿದ್ದೆ. ಅದು ನನ್ನ ಟ್ರೇಗೆ ಬರುವ ಮೊದಲೇ ಅವಳೂ ಅಳೆದಿದ್ದಳು. ಅವಳ ಲೆಕ್ಕದಲ್ಲಿ ಮೂಗು ಅರ್ಧ ಮಿಲಿಮೀಟರ್ ಉದ್ದ.

“ಮೇಡಂ, ಇಲ್ಲೊಂದು ತಪ್ಪಾಗಿದೆ” ಎಂದಳು.

“ಆಗಿರುತ್ತೆ. ಇನ್ನೊಂದು ಸಲ ಅಳೆ.”

“ನಾನು ಅಳೆದಿದ್ದು ಸರಿಯಾಗೇ ಇದೆ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಅಂದ್ರೆ ತಪ್ಪು ನನ್ನದು ಅಂತೀಯಾ?”

“ಮೂಗು ಇಲ್ಲಿವರೆಗೂ ಇದೆಯಲ್ಲ” ಎಂದು ಅವಳು ಅಳತೆಯ ಕ್ಯಾಲಿಪರಿನ ತುದಿಯಿಂದ ತೋರಿಸಿದಳು. “ಎಲುಬು ಹಿಂದೆ ಎಲ್ಲಿವರೆಗೂ ಹೋಗಿದೆಯೋ ಅಲ್ಲಿವರೆಗೂ.”

“ಅದು ಬರೀ ಅಂಚು. ಎರಡೂ ಎಲುಬು ಮಧ್ಯದಲ್ಲಿ ಸೇರೋ ಕಡೆ ಮೂಗು ಮುಗಿಯುತ್ತೆ. ನನ್ನ ಗುರುಗಳು ಹಂಗೇ ಹೇಳಿಕೊಟ್ಟಿದ್ದು.”

“ನನಗೆ ನೀವು ಹಂಗೆ ಹೇಳಿಕೊಡಲೇ ಇಲ್ಲ.”

“ಹೇಳಿಕೊಡೋಕೆ ಅದರಲ್ಲೇನಿದೆ? ಮೂಗು ಎಲ್ಲಿ ಮುಗಿಯುತ್ತೆ ಅಂತ ಕಣ್ಣಿಗೆ ಕಾಣಲ್ವಾ?”

“ನನ್ನ ಕಣ್ಣಿಗೆ ಇಲ್ಲಿ ಕಾಣ್ತಿದೆ, ಅತ್ತೆ.”

ಮೂಳೆಕೋಣೆಯಲ್ಲಿ ಅತ್ತೆ. ಅವಳ ಮುಖ ಕೆಂಪಾಗಿತ್ತು, ಆದರೆ ಕ್ಯಾಲಿಪರ್ ಹಿಡಿದ ಕೈ ಅಲ್ಲೇ ಗಟ್ಟಿಯಾಗಿ ನಿಂತಿತ್ತು. ಇಬ್ಬರೂ ನಮ್ಮ ನಮ್ಮ ಮೂಗಿನ ನೇರಕ್ಕೇ ಮಾತಾಡಿಕೊಂಡು ಇನ್ನೂ ಸ್ವಲ್ಪ ಹೊತ್ತು ಕಚ್ಚಾಡಿದೆವು. ಆಮೇಲೆ ಅವಳ ಕಣ್ಣು ಥಟ್ಟನೆ ಎರಡು ಟ್ರೇಗಳ ಕಡೆ ಹೋಯಿತು. ಕ್ಯಾಲಿಪರನ್ನು ಮೇಜಿನ ಮೇಲಿಟ್ಟಳು.

“ಸಣ್ಣ ದ್ವೀಪದ್ದೆಲ್ಲ ನಾನು ಅಳೆದಿದ್ದು” ಎಂದಳು. “ದೊಡ್ಡ ದ್ವೀಪದ್ದೆಲ್ಲ ನೀವು.”

ಒಬ್ಬಳು ಮೂಗನ್ನು ಉದ್ದ ಅಳೆಯುವವಳು, ಒಬ್ಬಳು ಗಿಡ್ಡ ಅಳೆಯುವವಳು. ಒಂದೊಂದು ದ್ವೀಪ ಹಂಚಿಕೊಂಡು ಕೂತರೆ ಚುಕ್ಕಿಗಳು ಎರಡು ಗುಂಪಾಗದೆ ಇನ್ನೇನಾಗುತ್ತವೆ? ಪರದೆಯ ಮೇಲೆ ಕಂಡದ್ದು ದ್ವೀಪಗಳಲ್ಲ, ಅತ್ತೆ ಮತ್ತು ಸೊಸೆ. ಒಂದು ಮನೆಯವರಾದ್ದರಿಂದ, ಒಂದೇ ಕೋಣೆಯಲ್ಲಿ ಕೂರುವವರಾದ್ದರಿಂದ, ಇಬ್ಬರ ಕೈಯೂ ಒಂದೇ ಎಂದುಕೊಂಡಿದ್ದೆವು. ಹೊರಗಿನವರ ಜೊತೆ ಹಂಚಿಕೊಂಡಿದ್ದರೆ ನೂರು ಸಲ ಕೇಳುತ್ತಿದ್ದೆ, ಎಲ್ಲಿಂದ ಎಲ್ಲಿಗೆ ಅಳೆಯುತ್ತೀರಿ ಎಂದು.

“ಎಲ್ಲಾ ಮತ್ತೆ ಅಳೀಬೇಕು” ಎಂದಳು ಸೊಸೆ. “ಯಾವುದು ಯಾವ ದ್ವೀಪದ್ದು ಅಂತ ಇಬ್ಬರಿಗೂ ಗೊತ್ತಾಗಬಾರದು.” ಅವಳ ದನಿ ಸಣ್ಣಗಿತ್ತು, ಆದರೆ ನಡುಗಲಿಲ್ಲ. ಸಿಟ್ಟಿನ ನಡುವೆಯೂ ಅವಳ ಬಗ್ಗೆ ನನಗೆ ಹೆಮ್ಮೆಯಾಯಿತು.

ರಜಾದಿನ ನೋಡಿ ಗಂಡನನ್ನೂ ಮಗನನ್ನೂ ಎಳೆದುಕೊಂಡು ಹೋದೆವು. ನಾಲ್ಕು ಜನ ಸುತ್ತ ಕೂರಬೇಕೆಂದು ಮೂಲೆಯಲ್ಲಿದ್ದ ಮೇಜನ್ನು ಕೋಣೆಯ ನಡುವಿಗೆ ಸರಿಸಿದೆವು. ಗಡಿಯಾರದವರು ಚಿಮಟದಲ್ಲಿ ನಂಬರು ಹಾಕಿದ ಪುಟ್ಟ ಚೀಟಿ ಹಿಡಿದು ಒಂದೊಂದು ಬುರುಡೆಯ ಲೇಬಲನ್ನೂ ಮುಚ್ಚಿದರು, ಯಾವ ನಂಬರು ಯಾವ ದ್ವೀಪದ್ದೆಂದು ತಮ್ಮ ಹತ್ತಿರವೇ ಪಟ್ಟಿ ಮಾಡಿಟ್ಟುಕೊಂಡರು. ಹಲ್ಲಿನ ಡಾಕ್ಟರು ಡಬ್ಬಿಗಳನ್ನು ಅದಲು ಬದಲು ಮಾಡಿ ಒಂದೊಂದೇ ಬುರುಡೆಯನ್ನು “ಮುಂದಿನ ಪೇಷೆಂಟ್” ಎಂದು ಕೂಗಿ ನಮಗೆ ಕೊಟ್ಟ. ಎರಡು ಎಲುಬು ಮಧ್ಯದಲ್ಲಿ ಸೇರುವಲ್ಲಿಗೇ ಮೂಗು ಮುಗಿಯುತ್ತದೆ ಎಂದು ಮೊದಲೇ ರಾಜಿಯಾಗಿತ್ತು. ಬದಲಿಗೆ ನಾನು ತಿಂಗಳಿಡೀ ಅಡುಗೆಮನೆಯಲ್ಲಿ ಮೂಗು ತೂರಿಸಬಾರದು ಎಂದು ಅವಳ ಪರವಾಗಿ ನನ್ನ ಮಗ ಷರತ್ತು ಹಾಕಿದ್ದ. ಅಳೆದ ಬುರುಡೆಗಳನ್ನು ಮೇಜಿನ ಗಾಜಿನ ಮೇಲೆ ಸಾಲಾಗಿ ಇಡುತ್ತಾ ಹೋದೆವು. ನಿಜ ಹೇಳಬೇಕೆಂದರೆ ಬಹಳ ಮೋಜಿನ ದಿನ ಅದು, ಲೆಕ್ಕ ಹಾಕುವವರೆಗೆ.

ಗಂಡನ ಪಟ್ಟಿಯನ್ನು ಕಂಪ್ಯೂಟರಿಗೆ ಸೇರಿಸಿ ಲೆಕ್ಕ ಹಾಕಿದೆವು. ಮೂಗಿನ ವ್ಯತ್ಯಾಸ ಪೂರ್ತಿ ಮಾಯ. ಎರಡು ಗುಂಪಿನ ಚುಕ್ಕಿಗಳು ಒಂದರಲ್ಲೊಂದು ಕಲಸಿಹೋದವು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಮಗೆ ಆ ಇಲಿಯೂ ದಕ್ಕಲಿಲ್ಲ.

ಸೊಸೆ ಸ್ಟೂಲಿನ ಮೇಲೆ ಕೂತು ಮುಖ ಕೆಳಗೆ ಹಾಕಿದಳು. ಹೆಗಲು ಕುಲುಕಿತು. ಸಮಾಧಾನದ ಮಾತು ನನಗೆ ಯಾವಾಗಲೂ ಬಾಯಿಗೆ ಬರುವುದಿಲ್ಲ. “ಅಳಬೇಡ, ಮೂಳೆ ಮೇಲೆ ನೀರು ಬೀಳುತ್ತೆ” ಎಂದೆ. ಮಗ ನನ್ನನ್ನು ದುರುಗುಟ್ಟಿ ನೋಡಿದ. ನನಗೂ ನಾಚಿಕೆಯಾಗಿ ಅವಳ ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿಕೊಂಡೆ. ಮದುವೆಯಾದ ಮೇಲೆ ಅದೇ ಮೊದಲು. ಅವಳ ಕೂದಲಿಗೆ ನನ್ನ ಸೋಪಿನದೇ ವಾಸನೆ ಇತ್ತು, ಅದೇಕೋ ನನ್ನ ಕಣ್ಣಲ್ಲೂ ನೀರು ಬಂತು.

ಅಷ್ಟರಲ್ಲಿ ಯಾರೋ ಲಿಫ್ಟ್ ಕರೆದರು. ಗೋಡೆಯಾಚೆ ಅದು ಗುಡುಗುಡು ಎಂದು ಮೇಲೆ ಬಂತು, ಮೇಜು ಸಣ್ಣಗೆ ಕಂಪಿಸಿತು. ಗಾಜಿನ ಮೇಲೆ ಟಕಟಕಟಕ ಸದ್ದು.

“ಯಾರಿಗಪ್ಪ ಚಳಿ, ಹಲ್ಲು ಕಟಕಟ ಅಂತಿದೆ” ಎಂದ ಹಲ್ಲಿನ ಡಾಕ್ಟರು. ಅವಳನ್ನು ನಗಿಸಲು ಆಡಿದ ಮಾತು. ಅವಳು ನಗಲಿಲ್ಲ. ನನ್ನ ಹೊಟ್ಟೆಯಿಂದ ತಲೆ ಎತ್ತಿ ಕಿವಿ ನೆಟ್ಟಗೆ ಮಾಡಿ ಕೂತಳು.

“ಎಲ್ಲಾ ಸದ್ದು ಮಾಡ್ತಿಲ್ಲ” ಎಂದಳು. “ಕೆಲವು ಮಾತ್ರ.”

“ಮೇಜಿನ ಕಾಲು ಗಿಡ್ಡ ಕಣೆ” ಎಂದೆ. “ಅಲ್ಲಿ ಮೂಲೇಲಿದ್ದಾಗ ರಟ್ಟು ಮಡಚಿ ಕೊಟ್ಟಿದ್ದೆ. ಲಿಫ್ಟ್ ಬಂದಾಗೆಲ್ಲ ಟಕಟಕ ಅಂತ ತಲೆ ಚಿಟ್ಟು ಹಿಡೀತಿತ್ತು.”

“ಮಾವ, ಲಿಫ್ಟಲ್ಲಿ ಇನ್ನೊಂದು ಸಲ ಮೇಲೆ ಕೆಳಗೆ ಹೋಗಿ ಬರ್ತೀರಾ?”

ಮಾವ ಹೋದರು. ಬಂದರು. ಮತ್ತೆ ಹೋದರು. ಕೆಳಗಿದ್ದ ಕಾವಲುಗಾರ, ಏನು ಸಾರ್ ಏನಾದರೂ ಕಳೆದುಕೊಂಡಿದ್ದೀರಾ ಎಂದು ಕೇಳಿದನಂತೆ. ಇಲಿ ಎಂದರಂತೆ ಇವರು. ಪ್ರತಿ ಸಲ ಲಿಫ್ಟ್ ಗುಡುಗಿದಾಗ ನಾವು ಮೂವರೂ ಗಾಜಿಗೆ ಕಿವಿ ಕೊಟ್ಟು ಬಗ್ಗಿದೆವು. ಸದ್ದು ಮಾಡುವ ಬುರುಡೆಗಳನ್ನು ಎಡಕ್ಕೆ, ಸುಮ್ಮನೆ ಕೂತವನ್ನು ಬಲಕ್ಕೆ ಇಟ್ಟೆವು. ಆಮೇಲೆ ಸೊಸೆ ಬಲಗಡೆಯ ಒಂದೊಂದೇ ಚೀಟಿ ಕಿತ್ತಳು. ಸಣ್ಣ ದ್ವೀಪ. ಸಣ್ಣ ದ್ವೀಪ. ಸಣ್ಣ ದ್ವೀಪ. ದೊಡ್ಡ ದ್ವೀಪದ್ದು ಒಂದೇ ಒಂದು ನುಸುಳಿತ್ತು. ತಿರುಗಿಸಿ ನೋಡಿದರೆ ಅದರ ತಳ ಒಡೆದಿತ್ತು.

ನಾನು ಒಂದು ಬುರುಡೆಯನ್ನು ಕೈಗೆತ್ತಿಕೊಂಡು ಬೋರಲು ಮಾಡಿದೆ. ಬುರುಡೆಯ ತಳದಲ್ಲಿ, ಹಿಂದುಗಡೆ, ಒಂದೊಂದು ಕಿವಿಗೂ ಒಂದೊಂದು ಟೊಳ್ಳು ಗುಳ್ಳೆಯಂಥ ಎಲುಬಿರುತ್ತದೆ. ಅದು ದೊಡ್ಡದಿದ್ದಷ್ಟೂ ಮೆಲ್ಲನೆಯ ಸದ್ದೂ ಕೇಳಿಸುತ್ತದೆ. ದೊಡ್ಡ ದ್ವೀಪದ ಇಲಿಗೆ ಆ ಗುಳ್ಳೆಗಳು ಉಬ್ಬಿ ನಿಂತಿದ್ದವು. ಬುರುಡೆ ಅವುಗಳ ಮೇಲೆಯೇ ಕೂರುತ್ತಿತ್ತು, ಆದ್ದರಿಂದಲೇ ಅಲುಗುತ್ತಿತ್ತು. ಸಣ್ಣ ದ್ವೀಪದ ಇಲಿಗೆ ಗುಳ್ಳೆ ಚಿಕ್ಕದು, ಚಪ್ಪಟೆ. ದವಡೆಹಲ್ಲುಗಳ ಸಾಲು ಪೂರ್ತಿ ಗಾಜಿಗೆ ತಾಗಿ ಬುರುಡೆ ಗಟ್ಟಿಯಾಗಿ ಕೂತಿತ್ತು. ತಲೆ ದೊಡ್ಡದು, ಕಿವಿಯ ಎಲುಬು ಸಣ್ಣದು. ಇದು ಊಟದಿಂದ ಬಂದ ಗಾತ್ರವಲ್ಲ, ಆಕಾರವೇ ಬೇರೆ. ಆ ಎಲುಬು ಮೊಟ್ಟೆಯ ಚಿಪ್ಪಿನಷ್ಟು ತೆಳು, ಮುಟ್ಟಬೇಡಿ ಎಂದು ನನ್ನ ಗುರುಗಳು ಹೇಳಿದ್ದರು. ಅದಕ್ಕೇ ನಮ್ಮ ವಿಭಾಗದಲ್ಲಿ ಅದನ್ನು ಯಾರೂ ಅಳೆದಿರಲಿಲ್ಲ.

“ಆ ದ್ವೀಪದಲ್ಲಿ ಗೂಬೆ ಇಲ್ಲ, ಅತ್ತೆ” ಎಂದಳು ಸೊಸೆ ನಿಧಾನವಾಗಿ. “ಹಾವೂ ಇಲ್ಲ. ನಾನು ಅಲ್ಲಿದ್ದಷ್ಟು ದಿನ ಒಂದು ಸಲಾನೂ ಗೂಬೆ ಕೂಗಿದ್ದು ಕೇಳಲಿಲ್ಲ. ಇಲಿಗಳು ನನ್ನ ಚೀಲದ ಮೇಲೇ ಓಡಾಡ್ತಿದ್ವು. ಅವಕ್ಕೆ ಅಷ್ಟೊಂದು ಕಿವಿ ಕೊಟ್ಟು ಕೇಳೋ ಅಗತ್ಯಾನೇ ಇಲ್ಲ.”

ಲಿಫ್ಟಿನಿಂದ ಗಂಡ ಏದುಸಿರು ಬಿಡುತ್ತ ಬಂದು “ಇನ್ನೊಂದು ಸಲ ಹೋಗಬೇಕಾ ತಾಯಿ?” ಎಂದರು. ಅವಳು ಎದ್ದು ಅವರನ್ನು ತಬ್ಬಿಕೊಂಡಳು. ಆಮೇಲೆ ನನ್ನನ್ನು. ಮಗ ತನ್ನ ಸರದಿ ಯಾವಾಗ ಎಂದು ಸಾಲಿನಲ್ಲಿ ನಿಂತ. ನಮ್ಮ ಗಲಾಟೆ ಕೇಳಿ ಕಾವಲುಗಾರ ಮೇಲೆ ಬಂದ, ಬುರುಡೆಗಳ ಸುತ್ತ ಕುಣಿಯುತ್ತಿದ್ದ ನಾಲ್ವರನ್ನು ನೋಡಿ ಹಾಗೆಯೇ ಕೆಳಗಿಳಿದು ಹೋದ.

ಗುಳ್ಳೆಗಳನ್ನು ಮುಟ್ಟದೆ, ತಳದಿಂದ ಫೋಟೋ ತೆಗೆದು ಅಳೆದೆವು. ಈ ಸಲ ಎಲ್ಲಿಂದ ಎಲ್ಲಿಗೆ ಎಂದು ಮೊದಲು ಇಬ್ಬರೂ ಒಪ್ಪಿಕೊಂಡು, ಪ್ರತಿಯೊಂದನ್ನೂ ಇಬ್ಬರೂ ಬೇರೆ ಬೇರೆಯಾಗಿ ಅಳೆದೆವು. ಯಾರು ಅಳೆದರೂ ವ್ಯತ್ಯಾಸ ಅಲ್ಲೇ ಇತ್ತು.

ಪರೀಕ್ಷೆಯ ದಿನ ಸಭಾಂಗಣದಲ್ಲಿ ಸೂಜಿಯವರು ಹಳೆಯ ಸಾರಾಂಶವನ್ನು ಎತ್ತಿ ಹಿಡಿದರು. “ಇದರಲ್ಲಿ ಉದ್ದ ಮೂಗು ಅಂತಿದೆ. ಪ್ರಬಂಧದಲ್ಲಿ ಮೂಗಿನ ಸುದ್ದಿನೇ ಇಲ್ಲ. ಎಲ್ಲಿಗೆ ಹೋಯ್ತಮ್ಮ ಮೂಗು?”

ನಾನು ಮುಂದಿನ ಸಾಲಿನಲ್ಲಿ ಕೂತು ಸೆರಗು ಹಿಂಡುತ್ತಿದ್ದೆ. ಸೊಸೆ ನೇರವಾಗಿ ನಿಂತಿದ್ದಳು. “ಅದು ಎರಡು ಇಲಿಗಳ ವ್ಯತ್ಯಾಸ ಅಲ್ಲ ಸರ್. ನನ್ನ ಮತ್ತು ನಮ್ಮತ್ತೆಯ ವ್ಯತ್ಯಾಸ” ಎಂದಳು. ನಡೆದದ್ದನ್ನೆಲ್ಲ, ಹಂಚಿಕೊಂಡದ್ದು, ಜಗಳವಾಡಿದ್ದು, ಮಾವ ಲಿಫ್ಟಿನಲ್ಲಿ ಓಡಾಡಿದ್ದು, ಒಂದೂ ಬಿಡದೆ ಹೇಳಿದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಸೂಜಿ ನಗಲಿಲ್ಲ. ಎರಡು ಬುರುಡೆ ತರಿಸಿ ಮೇಜಿನ ಗಾಜಿನ ಮೇಲಿಟ್ಟು, ಬೆರಳಿನಿಂದ ಮೇಜು ತಟ್ಟಿದರು. ಒಂದು ಟಕಟಕ ಎಂದಿತು. ಇನ್ನೊಂದು ಸುಮ್ಮನೆ ಕೂತಿತು. ಅವರು ಮತ್ತೆ ತಟ್ಟಿದರು. ಮತ್ತೆ. ಆಟಿಕೆ ಸಿಕ್ಕ ಮಗುವಿನ ಹಾಗೆ ಮುಖ ಅರಳಿತು.

“ಇಷ್ಟು ವರ್ಷ ಇದು ನಮಗೆ ಯಾರಿಗೂ ಯಾಕೆ ಕೇಳಿಸಲಿಲ್ಲ?” ಎಂದರು.

“ನಾನು ಮೇಜಿನ ಕಾಲಿಗೆ ರಟ್ಟು ಕೊಟ್ಟಿದ್ದೆ” ಎಂದೆ ಕೂತಲ್ಲಿಂದಲೇ. ಆಗ ಅವರೂ ನಕ್ಕರು. ಮೂಗಿನ ಕಥೆಯನ್ನು ಪ್ರಬಂಧದಲ್ಲಿ ಸೇರಿಸಿ, ಮುಂದೆ ಅಳೆಯುವವರಿಗೆ ಬುದ್ಧಿ ಬರಲಿ ಎಂದರು. ಪಿಎಚ್‌ಡಿ ಕೊಟ್ಟರು.

ನಿವೃತ್ತಳಾದ ಮೇಲೆ ಒಂದಷ್ಟು ದಿನ ಆ ಕಡೆ ಹೋಗಲಿಲ್ಲ. ಹೋದರೆ ಅಲ್ಲೂ ಮೂಗು ತೂರಿಸುತ್ತೇನೆಂದು ನನಗೇ ಗೊತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ, ಅವಳು ಮರೆತು ಹೋಗಿದ್ದ ಕನ್ನಡಕ ಕೊಡುವ ನೆಪ ಮಾಡಿಕೊಂಡು ಹೋದೆ. ಬಚ್ಚಿಟ್ಟದ್ದು ನಾನೇ, ಮಗನಿಂದ ಕಲಿತದ್ದು. ಮೇಲಿನ ಮಹಡಿಯಲ್ಲಿ ನನ್ನ ಚಪ್ಪಲಿ ಎಂದಿನಂತೆ ಪಟಪಟ ಸದ್ದು ಮಾಡಿತು. ಕೋಣೆಯ ಬಾಗಿಲು ತೆರೆದಿತ್ತು.

ಅವಳು ನನ್ನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದಳು. ಎರಡೂ ಕಾಲು ಸ್ಟೂಲಿನ ಮೇಲೆ. ಬುರುಡೆಯೊಂದನ್ನು ಕಣ್ಣಿನ ಹತ್ತಿರ ಹಿಡಿದು ಏನನ್ನೋ ಗುನುಗುತ್ತಿದ್ದಳು. ನಾನು ಒಳಗೆ ಬಂದೆ, ಹಿಂದೆ ನಿಂತೆ, ಚಪ್ಪಲಿಯನ್ನು ಬೇಕೆಂದೇ ಒಂದು ಸಲ ನೆಲಕ್ಕೆ ಉಜ್ಜಿದೆ. ಅವಳಿಗೆ ಏನೂ ಕೇಳಿಸಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹಿರಿಯರು ಹೆದರಿಸುತ್ತಿದ್ದರು. ಆ ಕಾಲ ಬಂದಾಗ ಇಷ್ಟು ಸಂತೋಷವಾಗುತ್ತದೆಂದು ಯಾರೂ ಹೇಳಿರಲಿಲ್ಲ. ಅವಳನ್ನು ಕರೆಯದೆ ಹಾಗೆಯೇ ಸ್ವಲ್ಪ ಹೊತ್ತು ನಿಂತೆ.

ಕೊನೆಗೆ ಬುರುಡೆಯನ್ನು ಡಬ್ಬಿಯಲ್ಲಿಡುವಾಗ ನೋಡಿದಳು.

“ಅಯ್ಯೋ, ಅತ್ತೆ, ಯಾವಾಗ ಬಂದ್ರಿ? ಕೇಳಿಸಲೇ ಇಲ್ಲ.”

ಕಾಲು ಕೆಳಗಿಳಿಯಲಿಲ್ಲ. ಸ್ಟೂಲಿನ ಮೇಲೆ ನನಗಷ್ಟು ಜಾಗ ಆಗುವಂತೆ ಸ್ವಲ್ಪ ಪಕ್ಕಕ್ಕೆ ಸರಿಯಿತು, ನಾನು ಅಲ್ಲೇ ಕೂತೆ.